ಗವಾಕ್ಷಿಯ ಚರಿತ್ರೆ: ಬೇಲೂರು, ಹಳೇಬೀಡು, ಅರಸೀಕೆರೆಗಳ ಗೋಡೆ ಮತ್ತು ಗಾಳಿ

ಹಾಸನ ಜಿಲ್ಲೆಯ ಉತ್ತರಾರ್ಧದಲ್ಲಿರುವ ಅರಸೀಕೆರೆ, ಬೇಲೂರು, ಹಳೇಬೀಡುಗಳ ಹಳೆಯ ಇಟ್ಟಿಗೆ ಮನೆಗಳಲ್ಲಿ, ಬಾಗಿಲು ಕಿಟಕಿಗಳ ನೆತ್ತಿಗಿಂತ ಮೇಲೆ, ಚಾವಣಿಗೆ ಒಂದೆರಡು ಅಡಿ ಕೆಳಗೆ, ಗೇಣಗಲದಿಂದ ಮೊಳದಗಲದವರೆಗಿನ ಸಣ್ಣ ತೆರವುಗಳನ್ನು ಬಿಟ್ಟಿರುವುದು ಸಾಮಾನ್ಯವಾಗಿ ಕಾಣುತ್ತದೆ. ಹಿರಿಯರು ಇವನ್ನು ಗವಾಕ್ಷಿ ಎಂದೂ ಗಾರೆ ಕೆಲಸದವರು ವೆಂಟಿಲೇಟರ್ ಎಂದೂ ಕರೆಯುತ್ತಾರೆ. ಮನೆಯನ್ನು ದುರಸ್ತಿ ಮಾಡಿಸುವ ಸಂದರ್ಭ ಬಂದಾಗಲೆಲ್ಲ ಈ ತೆರವುಗಳನ್ನು ಇಟ್ಟಿಗೆಯಿಟ್ಟು ಮುಚ್ಚಿಬಿಡಬೇಕೋ, ಹಾಗೆಯೇ ಉಳಿಸಬೇಕೋ ಎಂಬ ಪ್ರಶ್ನೆ ಏಳುತ್ತದೆ. ಧೂಳು, ಸೊಳ್ಳೆ, ಇಲಿ, ಪಾರಿವಾಳ, ಮಳೆಯ ಎರಚಲು ಇವೆಲ್ಲ ಮುಚ್ಚುವ ಪಕ್ಷಕ್ಕೆ ಸಾಕ್ಷಿ ನುಡಿಯುತ್ತವೆ. ಉಳಿಸುವ ಪಕ್ಷದ ಸಾಕ್ಷಿಯಾಗಬೇಕಾದ ಗಾಳಿಯಾದರೋ ಕಣ್ಣಿಗೆ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ಮನೆಯ ಯಜಮಾನನಿಗೂ ಮೇಸ್ತ್ರಿಗೂ ನಡುವಿನ ಸಣ್ಣ ಲೆಕ್ಕಾಚಾರವೆಂದು ಬಿಟ್ಟುಬಿಡುವಂತಿಲ್ಲ. ಏಕೆಂದರೆ ಗೋಡೆಯಲ್ಲಿ ತೆರವು ಬಿಡುವುದು, ಮುಚ್ಚುವುದು, ಅರೆಮುಚ್ಚುವುದು ಈ ನೆಲದಲ್ಲಿ ಸುಮಾರು ಒಂಬತ್ತು ನೂರು ವರ್ಷಗಳಿಂದ ಕಲ್ಲು, ಮಣ್ಣು, ಇಟ್ಟಿಗೆಗಳಲ್ಲಿ ನಡೆದುಬಂದಿರುವ ವ್ಯವಹಾರ. ಪ್ರತಿಯೊಂದು ತೆರವೂ ಆಯಾ ಕಾಲದ ಚಾವಣಿ, ಒಲೆ, ಹವೆ ಮತ್ತು ರೋಗಭಯಗಳಿಗೆ ಕಟ್ಟುವವರು ಕೊಟ್ಟ ಉತ್ತರವಾಗಿದೆ. ಯಾವ ತೆರವು ಯಾವ ಅಗತ್ಯದಿಂದ ಹುಟ್ಟಿತು, ಆ ಅಗತ್ಯ ಇಂದೂ ಉಳಿದಿದೆಯೇ ಎಂಬುದನ್ನು ತಿಳಿದ ಮೇಲಷ್ಟೇ ಮುಚ್ಚುವ ತೀರ್ಮಾನಕ್ಕೆ ಆಧಾರ ದೊರೆಯುತ್ತದೆ.

ಹೆಸರುಗಳು ಹೇಳುವ ಕಥೆ

ಗೋಡೆಯ ತೆರವುಗಳಿಗೆ ಕನ್ನಡದಲ್ಲಿರುವ ಹೆಸರುಗಳು ಒಂದೊಂದೂ ಒಂದೊಂದು ಬಗೆಯ ರಚನೆಯನ್ನು ಸೂಚಿಸುತ್ತವೆ. ವಾತಾಯನವೆಂದರೆ ವಾತದ ಅಯನ, ಅಂದರೆ ಗಾಳಿಯ ಹಾದಿ. ಗವಾಕ್ಷವೆಂದರೆ ಗೋವಿನ ಅಕ್ಷಿ, ಅಂದರೆ ಹಸುವಿನ ಕಣ್ಣು. ಪ್ರಾಚೀನ ಬೌದ್ಧ ಚೈತ್ಯಗಳ ಮುಂಭಾಗದಲ್ಲಿ ಬೆಳಕಿಗಾಗಿ ಬಿಡುತ್ತಿದ್ದ ಲಾಳದಾಕಾರದ ಕಿಟಕಿಗೆ ಸಲ್ಲುತ್ತಿದ್ದ ಈ ಹೆಸರು, ಮುಂದೆ ದೇವಾಲಯಗಳ ಶಿಖರದ ಮೇಲೆ ಗಾಳಿಯೇ ಹಾಯದ ಅಲಂಕಾರದ ಮಾದರಿಗೂ ಅಂಟಿಕೊಂಡಿತು, ಆಡುಮಾತಿನಲ್ಲಿ ಮಾತ್ರ ಗವಾಕ್ಷಿಯಾಗಿ ನಿಜವಾದ ತೆರವಿನ ಅರ್ಥವನ್ನೇ ಉಳಿಸಿಕೊಂಡಿತು. ದೂರದ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲೂ ಕಿಟಕಿಯನ್ನು ಗಾಳಿಯ ಕಣ್ಣು ಎಂಬರ್ಥದ ಪದದಿಂದ ಕರೆಯುತ್ತಿದ್ದರು, ಇಂಗ್ಲಿಷಿನ ವಿಂಡೋ ಎಂಬ ಪದ ಹುಟ್ಟಿದ್ದು ಅದರಿಂದಲೇ ಎಂಬುದನ್ನು ನೆನೆದರೆ, ಗೋಡೆಗೆ ಕಣ್ಣನ್ನು ಕಲ್ಪಿಸುವ ಬುದ್ಧಿ ಒಂದೇ ನಾಡಿನದಲ್ಲವೆಂದು ತಿಳಿಯುತ್ತದೆ.

ಇವುಗಳಿಗಿಂತ ಬೇರೆಯಾದದ್ದು ಜಾಲಂಧ್ರ. ಒಂದೇ ಕಲ್ಲಿನ ಚಪ್ಪಡಿಯಲ್ಲಿ ಬಲೆಯಂತೆ ರಂಧ್ರಗಳನ್ನು ಕೊರೆದು, ಗಾಳಿ ಬೆಳಕುಗಳಿಗೆ ದಾರಿ ಕೊಟ್ಟು ಮನುಷ್ಯ ಪ್ರಾಣಿಗಳಿಗೆ ತಡೆಯೊಡ್ಡುವ ಫಲಕಕ್ಕೆ ಈ ಹೆಸರು. ಮನೆಗಳ ಮಾತಿಗೆ ಬಂದರೆ, ಚಾವಣಿಯಲ್ಲಿ ಬೆಳಕಿಗಾಗಿ ಬಿಟ್ಟ ತೆರವು ಬೆಳಕಿಂಡಿ, ಒಲೆಯ ಮೇಲುಭಾಗದಲ್ಲಿ ಹೊಗೆಗಾಗಿ ಬಿಟ್ಟದ್ದು ಹೊಗೆಗಿಂಡಿ, ಗೋಡೆಯಲ್ಲಿ ಆರಪಾರವಾಗಿರುವ ಯಾವುದೇ ಸಣ್ಣ ತೆರವು ಕಿಂಡಿ. ದೀಪ ಇಡಲು ಗೋಡೆಯ ದಪ್ಪದಲ್ಲೇ ಮಾಡಿದ ಗೂಡು ಕಿಂಡಿಯ ಹಾಗೆ ಕಂಡರೂ ಅದಕ್ಕೆ ಹಿಂಬದಿ ಮುಚ್ಚಿರುತ್ತದೆ. ಹಳೆಯ ಗೋಡೆಗಳಲ್ಲಿ ಇನ್ನೂ ಒಂದು ಬಗೆಯ ರಂಧ್ರಗಳುಂಟು: ಸಾರುವೆಯ, ಅಂದರೆ ಗೋಡೆ ಏರಿಸುವಾಗ ಕೆಲಸಗಾರರು ನಿಲ್ಲಲೆಂದು ಕಟ್ಟುವ ಮರದ ಅಟ್ಟಣಿಗೆಯ, ಅಡ್ಡಮರಗಳನ್ನು ತೂರಿಸಿದ್ದ ಗುರುತುಗಳು. ಇವು ಸಮಾನ ಅಂತರದಲ್ಲಿ, ಒಂದರ ಮೇಲೊಂದು ಸಾಲುಗಳಲ್ಲಿ ಇರುತ್ತವೆ. ಕಟ್ಟಡ ಮುಗಿದ ದಿನವೇ ಇವುಗಳ ಕೆಲಸವೂ ಮುಗಿದಿರುತ್ತದೆ. ಗವಾಕ್ಷಿಯನ್ನು ಮುಚ್ಚುವ ಚರ್ಚೆಯಲ್ಲಿ ಮೊದಲು ಆಗಬೇಕಾದದ್ದು ಈ ಬಗೆಗಳನ್ನು ಬೇರ್ಪಡಿಸುವ ಕೆಲಸ.

ಬೇಲೂರಿನ ಮುಚ್ಚುವಿಕೆ, ಅರಸೀಕೆರೆಯ ತೆರವು

ಕಲ್ಲಿನ ಗೋಡೆಯಲ್ಲಿ ಜಾಲರಿ ಕೊರೆಯುವ ರೂಢಿ ಕರ್ನಾಟಕದಲ್ಲಿ ಹೊಯ್ಸಳರಿಗಿಂತ ಹಳೆಯದು. ಬಾದಾಮಿ ಚಾಲುಕ್ಯರ ಕಾಲದ ಐಹೊಳೆಯ ಲಾಡ್‌ಖಾನ್ ದೇವಾಲಯದ ಗೋಡೆಗಳಲ್ಲಿಯೇ ಕಲ್ಲಿನ ಜಾಲಕಗಳಿವೆ. ಆದರೆ ಕಟ್ಟಿ ಮುಗಿದು ಬಳಕೆಯಲ್ಲಿದ್ದ ತೆರೆದ ಕಟ್ಟಡವೊಂದನ್ನು ಮುಂದಿನ ತಲೆಮಾರು ಆಲೋಚಿಸಿ ಮುಚ್ಚಿದ ಸ್ಪಷ್ಟ ನಿದರ್ಶನ ಬೇಲೂರಿನಲ್ಲಿ ದೊರೆಯುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ವಿಜಯನಾರಾಯಣನೆಂಬ ಹೆಸರಿನಿಂದ ಪ್ರತಿಷ್ಠಾಪಿಸಿದ, ಇಂದು ಚೆನ್ನಕೇಶವನೆಂದು ಪ್ರಸಿದ್ಧನಾದ ದೇವರ ಗುಡಿಯ ನವರಂಗವು, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪವು, ಮೊದಲು ತೆರೆದ ಮಂಟಪವಾಗಿತ್ತು. ಜಗತಿಯ, ಅಂದರೆ ಗುಡಿಯನ್ನು ಹೊತ್ತ ಎತ್ತರದ ಕಟ್ಟೆಯ ಮೇಲೆ ನಡೆಯುವವನಿಗೆ ಒಳಗಿನ ಕಂಬಗಳು ಹೊರಗಿನಿಂದಲೇ ಕಾಣುತ್ತಿದ್ದವು. ಸುಮಾರು ಅರ್ಧ ಶತಮಾನದ ಬಳಿಕ ಹೊರಸುತ್ತಿನ ಕಂಬಗಳ ನಡುವೆ ಆಳೆತ್ತರದ ಗೋಡೆಯನ್ನು ಕಟ್ಟಿ, ಅದರ ಮೇಲೆ ಸೂರಿನವರೆಗೆ ಜಾಲಂಧ್ರಗಳನ್ನು ನಿಲ್ಲಿಸಲಾಯಿತು. ಈ ಕೆಲಸ ವಿಷ್ಣುವರ್ಧನನ ಮೊಮ್ಮಗನಾದ ಇಮ್ಮಡಿ ವೀರಬಲ್ಲಾಳನ (1173–1220) ಕಾಲದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಮುಚ್ಚುವಿಕೆಯ ರೀತಿ ವಿಶೇಷವಾಗಿ ಗಮನಾರ್ಹವಾದುದು. ಕಂಬಗಳ ನಡುವಿನ ತೆರವನ್ನು ಪೂರ್ತಿಯಾಗಿ ಕಲ್ಲಿನಿಂದ ತುಂಬುವುದು ಹೊಯ್ಸಳ ರೂವಾರಿಗಳಿಗೆ, ಅಂದರೆ ಶಿಲ್ಪಿಗಳಿಗೆ, ಸುಲಭವಾದ ದಾರಿಯಾಗಿತ್ತು. ಅವರು ಹಿಡಿದದ್ದು ಕಷ್ಟದ ದಾರಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ ಬಳಪದ ಕಲ್ಲಿನ ಚಪ್ಪಡಿಗಳಲ್ಲಿ ನಕ್ಷತ್ರಾಕಾರದ ರಂಧ್ರಗಳನ್ನೂ ಬಳ್ಳಿಗಳ ಪಟ್ಟಿಗಳನ್ನೂ ಕೊರೆದು, ಕೆಲವು ಫಲಕಗಳಲ್ಲಿ ಪುರಾಣದ ಪ್ರಸಂಗಗಳನ್ನೂ ಪೂರ್ವದ ಬಾಗಿಲಿನ ಇಕ್ಕೆಲದಲ್ಲಿ ರಾಜಸಭೆಯ ದೃಶ್ಯಗಳನ್ನೂ ತುಂಬಿದರು. ಇದರಿಂದ ಮಳೆಯ ಎರಚಲು ಮಂಟಪದ ನಡುವಿಗೆ ತಲುಪದಂತಾಯಿತು, ದನಕರುಗಳು ನುಗ್ಗದಂತಾಯಿತು, ಬಾಗಿಲು ಹಾಕಿ ಭದ್ರಪಡಿಸಲು ಅನುವಾಯಿತು. ಆದರೂ ದೀಪಗಳ ಹೊಗೆಗೆ, ಜನಸಂದಣಿಯ ಉಸಿರಿಗೆ ಹೊರಹೋಗುವ ದಾರಿ ಉಳಿಯಿತು. ಜಾಲಂಧ್ರಗಳು ಆಳೆತ್ತರದಿಂದ ಆರಂಭವಾಗುವುದೂ ಗಮನಿಸತಕ್ಕದ್ದು. ಬಿಸಿಯಾದ ಗಾಳಿ ಮೇಲಕ್ಕೇರುವುದರಿಂದ ತೆರವು ಇರಬೇಕಾದ ಜಾಗವೂ ಅದೇ.

ಈ ಬದಲಾವಣೆಗೆ ಬೆಲೆ ಇರಲಿಲ್ಲವೆಂದಲ್ಲ. ಸುತ್ತಲಿನಿಂದ ಹರಿದುಬರುತ್ತಿದ್ದ ಬೆಳಕು ಜಾಲಂಧ್ರದ ರಂಧ್ರಗಳಿಗೆ ಸೀಮಿತವಾದುದರಿಂದ ನವರಂಗದ ಒಳಭಾಗ ಮಬ್ಬಾಯಿತು. ನಡುವಿನ ಭುವನೇಶ್ವರಿಯ, ಅಂದರೆ ಕೆತ್ತನೆಯ ಒಳಚಾವಣಿಯ, ಸೂಕ್ಷ್ಮಗಳನ್ನು ಕಾಣಲು ಇಂದು ವಿದ್ಯುದ್ದೀಪದ ನೆರವು ಬೇಕಾಗುತ್ತದೆ. ರಂಧ್ರ ಬಿಟ್ಟು ಮುಚ್ಚಿದರೇ ಇಷ್ಟು ಕತ್ತಲಾಗುವುದಾದರೆ, ರಂಧ್ರವಿಲ್ಲದೆ ಮುಚ್ಚಿದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

ಬೇಲೂರಿನಿಂದ ಸುಮಾರು 16 ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ, ಅಂದಿನ ರಾಜಧಾನಿ ದೋರಸಮುದ್ರದಲ್ಲಿ, 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದಲ್ಲೂ ಇದೇ ಕ್ರಮ ನಡೆಯಿತು. ಎರಡು ಗರ್ಭಗುಡಿಗಳ ಎರಡು ನವರಂಗಗಳನ್ನು ಜೋಡಿಸಿದ ಈ ವಿಶಾಲ ಕಟ್ಟಡದ ಹೊರಸುತ್ತಿನ ಕಂಬಗಳ ನಡುವೆ ಜಾಲಂಧ್ರಗಳು ಬಂದವು, ಎದುರಿನ ನಂದಿಮಂಟಪಗಳು ಮಾತ್ರ ತೆರೆದೇ ಉಳಿದವು. 13ನೇ ಶತಮಾನದ ಮಧ್ಯದ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟುವ ಹೊತ್ತಿಗೆ ಜಾಲಂಧ್ರವು ಮೂಲ ವಿನ್ಯಾಸದ ಅಂಗವೇ ಆಗಿಬಿಟ್ಟಿತ್ತು. ದುರಸ್ತಿಯಾಗಿ ಹುಟ್ಟಿದ ಪರಿಹಾರವೊಂದು ನೂರು ವರ್ಷದೊಳಗೆ ಶೈಲಿಯಾಯಿತು.

ಅರಸೀಕೆರೆಯಲ್ಲಿ ತೀರ್ಮಾನ ಬೇರೆಯಾಯಿತು. 1220ರ ಈಶ್ವರ ದೇವಾಲಯದಲ್ಲಿ ಗರ್ಭಗುಡಿಗೆ ಹೊಂದಿಕೊಂಡು ಮುಚ್ಚಿದ ನವರಂಗವಿದೆ, ಅದರ ಮುಂದೆ ನಕ್ಷತ್ರಾಕಾರದ ತಳವಿನ್ಯಾಸವೂ ಗುಮ್ಮಟದಂತಹ ಒಳಚಾವಣಿಯೂ ಇರುವ, ಹೊಯ್ಸಳ ಕಟ್ಟಡಗಳಲ್ಲಿ ಅಪರೂಪವೆನಿಸಿದ ತೆರೆದ ಮಂಟಪವಿದೆ. ಪೂಜೆಯ ಭಾಗ ಮುಚ್ಚಿರಬೇಕು, ಜನ ಸೇರುವ ಭಾಗ ತೆರೆದಿರಬೇಕು ಎಂಬ ವಿಂಗಡಣೆಯನ್ನು ಇಲ್ಲಿ ಮೊದಲ ನಕ್ಷೆಯಲ್ಲೇ ಮಾಡಿಕೊಂಡದ್ದರಿಂದ, ಬೇಲೂರಿನಂತೆ ಬಳಿಕ ಮುಚ್ಚುವ ಪ್ರಸಂಗ ಬರಲಿಲ್ಲ. ಯಾವ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದೇ ಅಲ್ಲಿ ಎಷ್ಟು ತೆರವಿರಬೇಕೆಂಬುದನ್ನು ನಿರ್ಧರಿಸಬೇಕೆಂಬ ನಿಯಮವನ್ನು ಈ ಗುಡಿಯಿಂದ ಮನೆಗೂ ತರಬಹುದು.

ಉಸಿರಾಡುತ್ತಿದ್ದ ಚಾವಣಿ

ದೇವಾಲಯಗಳು ಕಲ್ಲಿನವಾದರೂ ಇಟ್ಟಿಗೆ ಈ ಊರುಗಳಿಗೆ ಹೊಸದಲ್ಲ. ವಿಜಯನಗರದ ಅರಸ ಇಮ್ಮಡಿ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಪುನರ್ನಿರ್ಮಿಸಿದ ಬೇಲೂರಿನ ಗೋಪುರದಲ್ಲಿ ಕಲ್ಲಿನ ತಳದ ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆಯವು. ಅಂತಸ್ತುಗಳ ನಡುವಿನ ತೆರವುಗಳು ಗೋಪುರದ ಟೊಳ್ಳಾದ ಒಳಭಾಗಕ್ಕೆ ಗಾಳಿ ಬೆಳಕು ಕೊಡುತ್ತವೆ. ಆದರೆ ಸಾಮಾನ್ಯರ ಮನೆಗಳಿಗೆ ಸುಟ್ಟ ಇಟ್ಟಿಗೆ ಬಂದದ್ದು ಬಹಳ ತಡವಾಗಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಚಿತ್ರಿಸುವ ಮನೆಗಳು ಹೆಚ್ಚಾಗಿ ಮಣ್ಣಿನ ಗೋಡೆಯವು, ಹುಲ್ಲಿನ ಇಲ್ಲವೆ ಹೆಂಚಿನ ಹೊದಿಕೆಯವು. ಹೊರಮುಖವಾಗಿ ತೆರವುಗಳು ತೀರ ಕಡಿಮೆ, ಉಳ್ಳವರ ಮನೆಗಳಲ್ಲಿ ಮಾತ್ರ ಆಕಾಶಕ್ಕೆ ತೆರೆದ ಒಳಾಂಗಳ ಮತ್ತು ಅದರ ಸುತ್ತ ಜಗಲಿ. ಈ ಒಳಾಂಗಳವೇ ತೊಟ್ಟಿ, ಇಂತಹ ಮನೆಯೇ ತೊಟ್ಟಿಮನೆ.

ಹೊರಗೋಡೆಯಲ್ಲಿ ಕಿಟಕಿಯಿಲ್ಲದ ಈ ಮನೆಗಳು ಉಸಿರುಗಟ್ಟದೆ ಇದ್ದುದಕ್ಕೆ ಕಾರಣ ಚಾವಣಿಯಲ್ಲಿತ್ತು. ಹುಲ್ಲಿನ ಹೊದಿಕೆ ಗಾಳಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಕುಂಬಾರನ ತಿಗರಿಯಿಂದ ಬಂದ ನಾಡಹೆಂಚುಗಳ ಸಂದುಗಳಲ್ಲಿ ಹೊಗೆ ನಿಧಾನವಾಗಿ ಸೋರಿಹೋಗುತ್ತದೆ. ಗೋಡೆಯ ತಲೆಗೂ ಸೂರಿಗೂ ನಡುವೆ ಜಂತೆಗಳ ಸಾಲಿನಲ್ಲಿ ಉಳಿಯುವ ಸಂದಿಯೇ ಸಾಲುಗವಾಕ್ಷಿಯ ಕೆಲಸ ಮಾಡುತ್ತದೆ. ಸೌದೆ ಒಲೆಯ ಹೊಗೆ ಜಂತೆ ತೊಲೆಗಳಿಗೆ ಕಪ್ಪು ಹಿಡಿಸಿ ಹುಳುಗಳನ್ನು ದೂರವಿಡುತ್ತಿದ್ದುದೂ ಈ ಏರ್ಪಾಡಿನ ಭಾಗವಾಗಿತ್ತು. ಹೊಗೆಯಿಂದ ಅಡುಗೆ ಮಾಡುವ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಆಗುತ್ತಿದ್ದ ಹಾನಿಯನ್ನು ಮರೆತು ಈ ಮನೆಗಳನ್ನು ಹೊಗಳುವಂತಿಲ್ಲ. ಆದರೂ ಚಾವಣಿಯೇ ಗಾಳಿಯ ದಾರಿಯಾಗಿದ್ದ ಕಾಲದಲ್ಲಿ ಗೋಡೆಯಲ್ಲಿ ಪ್ರತ್ಯೇಕ ಗವಾಕ್ಷಿಯ ಅಗತ್ಯ ಅಷ್ಟಾಗಿ ಇರಲಿಲ್ಲವೆಂಬುದು ಸ್ಪಷ್ಟ. ಮುಂದೆ ಚಾವಣಿ ಬಿಗಿಯಾದಷ್ಟೂ ಗೋಡೆ ತೆರೆದುಕೊಳ್ಳಬೇಕಾಯಿತು.

ರೈಲು, ಹೆಂಚು, ಪ್ಲೇಗು

ಈ ಬದಲಾವಣೆಯ ಮೊದಲ ಹೆಜ್ಜೆ ಹೆಂಚಿನಿಂದ ಬಂತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ನಾಡಹೆಂಚಿಗಿಂತ ಬಿಗಿಯಾಗಿ ಕೂರುತ್ತಿತ್ತು, ಮಳೆಯನ್ನು ಚೆನ್ನಾಗಿ ತಡೆಯುತ್ತಿತ್ತು. ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಸಿದ ರೈಲುಮಾರ್ಗ 1880ರ ದಶಕದ ಕೊನೆಗೆ ಅರಸೀಕೆರೆಯನ್ನು ಹಾದುಹೋಯಿತು. 20ನೇ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಹಾಸನಗಳ ಕಡೆಯ ಮಾರ್ಗವೂ ಬಂದು ಕೂಡಿ ಊರು ಜಂಕ್ಷನ್ ಆಯಿತು. ಭಾರದ ಸರಕನ್ನು ಎತ್ತಿನ ಗಾಡಿಯ ಬದಲು ವ್ಯಾಗನ್ನಿನಲ್ಲಿ ತರುವ ಅನುಕೂಲ ಒದಗಿದಾಗ ಪೇಟೆಯ ಮನೆಗಳ ಸಾಮಗ್ರಿಯೇ ಬದಲಾಗುತ್ತದೆ. ಸುಟ್ಟ ಇಟ್ಟಿಗೆ, ಗಾರೆಗಾಣದಲ್ಲಿ ಅರೆದ ಸುಣ್ಣದ ಗಾರೆ, ಅನುಕೂಲಸ್ಥರಲ್ಲಿ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದೊಡನೆ ಓರೆಯಾಗಿ ಜೋಡಿಸಿ ಮೇಲೆ ಗಚ್ಚು ಹಾಕಿದ ಚಪ್ಪಟೆ ಚಾವಣಿ, ಇವು ಇಂತಹ ಪೇಟೆಮನೆಗಳ ಲಕ್ಷಣಗಳಾದವು. ತಾರಸಿಯ ಚಾವಣಿ ಹೊಗೆಯನ್ನು ಸೋರಿಸಲಾರದು. ಅದರ ಕೆಳಗೆ ಸೇರಿಕೊಳ್ಳುವ ಬಿಸಿಗಾಳಿಗೆ ಗೋಡೆಯ ಮೇಲುಭಾಗದಲ್ಲೇ ದಾರಿ ಮಾಡಬೇಕಾಯಿತು.

ಎರಡನೆಯ ಹೆಜ್ಜೆ ಸರ್ಕಾರಿ ಕಟ್ಟಡಗಳಿಂದ ಬಂತು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ಕುರಿತು ತನಿಖೆ ನಡೆಸಿದ ರಾಯಲ್ ಕಮಿಷನ್ 1863ರಲ್ಲಿ ವರದಿ ಸಲ್ಲಿಸಿತು, ಅದರ ಕೆಲಸದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಮುಖ ಪಾತ್ರ ವಹಿಸಿದಳು. ಕೆಟ್ಟ ಗಾಳಿಯಿಂದಲೇ ರೋಗ ಹುಟ್ಟುತ್ತದೆ ಎಂಬ ಅಂದಿನ ನಂಬಿಕೆಗೆ ತಕ್ಕಂತೆ, ಎತ್ತರದ ಚಾವಣಿ ಮತ್ತು ಅದರ ಕೆಳಗೆ ಸಾಲು ತೆರವುಗಳಿರುವ ಬ್ಯಾರಕ್ಕು, ಆಸ್ಪತ್ರೆ, ಕಚೇರಿ, ಪ್ರವಾಸಿ ಬಂಗಲೆಗಳನ್ನು ಲೋಕೋಪಯೋಗಿ ಇಲಾಖೆಗಳು ಕಟ್ಟಿಸಿದವು. ಇವುಗಳಲ್ಲಿ ದುಡಿದು ಪಳಗಿದ ಕೈಗಳೇ ಖಾಸಗಿ ಮನೆಗಳನ್ನೂ ಕಟ್ಟುತ್ತಿದ್ದುದರಿಂದ ವೆಂಟಿಲೇಟರ್ ಎಂಬ ವಸ್ತುವೂ ಪದವೂ ಒಟ್ಟಿಗೆ ಊರೊಳಗೆ ಬಂದವು.

ಮೂರನೆಯದು ರೋಗದ ಭಯ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರು ಸಂಸ್ಥಾನದ ಊರುಗಳನ್ನು ವರ್ಷಗಟ್ಟಲೆ ಕಾಡಿತು. ಜನ ಮನೆಗಳನ್ನು ಬಿಟ್ಟು ಊರ ಹೊರಗಿನ ಗುಡಿಸಲುಗಳಲ್ಲಿ ದಿನ ಕಳೆಯುವಂತಾಯಿತು. ಮುಂಬಯಿಯಲ್ಲಿ ಸೋಂಕು ತಗುಲಿದ ಮನೆಗಳ ಹೆಂಚುಗಳನ್ನು ತೆಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡಲಾಗುತ್ತಿತ್ತು. ಬೆಂಗಳೂರಿನಲ್ಲಿ ಬಸವನಗುಡಿ ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳು ಗಾಳಿ ಬೆಳಕಿನ ಆದರ್ಶವನ್ನಿಟ್ಟುಕೊಂಡು ಬೆಳೆದವು. ಪ್ಲೇಗು ಹರಡುವುದು ಕೆಟ್ಟ ಗಾಳಿಯಿಂದಲ್ಲ, ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲೇ ಕಂಡುಕೊಂಡಿದ್ದನು. ಅಂದರೆ ಗವಾಕ್ಷಿ ವ್ಯಾಪಕವಾಗಲು ಕಾರಣವಾದ ವೈದ್ಯಕೀಯ ತರ್ಕ ಅರ್ಧ ತಪ್ಪಾಗಿತ್ತು. ಆದರೆ ಗಾಳಿಯ ಮೂಲಕ ಹರಡುವ ಕ್ಷಯದಂತಹ ರೋಗಗಳ ವಿಷಯದಲ್ಲಿ ಅದೇ ತೆರವು ನಿಜವಾಗಿಯೂ ರಕ್ಷಣೆಯಾಯಿತು. ತಪ್ಪು ಕಾರಣಕ್ಕೆ ಬಂದ ಸರಿಯಾದ ವಸ್ತುಗಳ ಪಟ್ಟಿಯಲ್ಲಿ ಗವಾಕ್ಷಿಗೂ ಸ್ಥಾನವಿದೆ.

ಗವಾಕ್ಷಿ ಕೆಲಸ ಮಾಡುವ ಬಗೆ

ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಮೇಲೆ ದಾರಿ ಸಿಕ್ಕರೆ ಹೊರಹೋಗುತ್ತದೆ, ಹೊರಹೋದಷ್ಟು ಗಾಳಿ ಕೆಳಗಿನ ಬಾಗಿಲು ಕಿಟಕಿಗಳಿಂದ ಒಳಬರುತ್ತದೆ. ಒಳಬರುವ ಮತ್ತು ಹೊರಹೋಗುವ ತೆರವುಗಳ ನಡುವಿನ ಎತ್ತರ ಹೆಚ್ಚಿದಷ್ಟೂ ಈ ಹರಿವು ಬಲಗೊಳ್ಳುವುದರಿಂದ, ಹಳೆಯ ಮನೆಗಳ ಎತ್ತರದ ಗೋಡೆ ಮತ್ತು ನೆತ್ತಿಯ ಗವಾಕ್ಷಿ ಒಂದನ್ನೊಂದು ಅವಲಂಬಿಸಿವೆ. ಗಾಳಿ ಬೀಸದ ದಿನವೂ, ರಾತ್ರಿ ಬಾಗಿಲು ಕಿಟಕಿಗಳನ್ನು ಹಾಕಿ ಮಲಗಿದಾಗಲೂ ಅಷ್ಟಿಷ್ಟಾದರೂ ಕೆಲಸ ಮಾಡುವ ತೆರವು ಮನೆಯಲ್ಲಿ ಇದೊಂದೇ. ಇಂಗ್ಲೆಂಡಿನ ಹಳೆಯ ಇಟ್ಟಿಗೆ ಮನೆಗಳಲ್ಲಿ ರಂಧ್ರದ ಇಟ್ಟಿಗೆಗಳನ್ನು ನೆಲದ ಮಟ್ಟದಲ್ಲಿ ಇಡುತ್ತಾರೆ. ಮರದ ಹಲಗೆಯ ನೆಲದ ಕೆಳಗೆ ತೇವ ನಿಂತು ಹಲಗೆ ಕೊಳೆಯದಿರಲಿ ಎಂಬುದು ಅಲ್ಲಿನ ಉದ್ದೇಶ. ಇಲ್ಲಿಯ ಮನೆಗಳ ನೆಲ ಮಣ್ಣು ತುಂಬಿದ ಗಟ್ಟಿ ನೆಲವಾದುದರಿಂದ ತೆರವು ಚಾವಣಿಯ ಬಳಿಗೆ ಏರಿದೆ. ಆ ದೇಶದ ಸಲಹೆಗಳನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲು ಬಾರದಿರುವುದು ಇದರಿಂದಲೇ.

ಬೇಲೂರಿನ ಕಡೆ ಅರೆಮಲೆನಾಡಿನ ಸೋನೆಮಳೆ, ಅರಸೀಕೆರೆಯ ಕಡೆ ಬಯಲುಸೀಮೆಯ ಬಿಸಿಲು, ಇವೆರಡೂ ಗವಾಕ್ಷಿಗೆ ಬೇರೆ ಬೇರೆ ಕೆಲಸ ಕೊಡುತ್ತವೆ. ಮೊದಲನೆಯದರಲ್ಲಿ ತೇವವನ್ನು ಹೊರಹಾಕುವುದು ಮುಖ್ಯ, ಎರಡನೆಯದರಲ್ಲಿ ಧಗೆಯನ್ನು. ಅರಸೀಕೆರೆ ಸೀಮೆಯ ತೆಂಗಿನ ಬೇಸಾಯಗಾರರ ಮನೆಗಳಲ್ಲಿ ಇದಕ್ಕೆ ಜೀವನೋಪಾಯದ ಕಾರಣವೂ ಒಂದಿದೆ. ಉಂಡೆ ಕೊಬ್ಬರಿ ಆಗಬೇಕಾದ ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ 8ರಿಂದ 12 ತಿಂಗಳವರೆಗೆ ಇರಿಸುತ್ತಾರೆ. ಒಳಗಿನ ನೀರು ಕ್ರಮೇಣ ಇಂಗಿ, ತಿರುಳು ಒಣಗಿ ಕರಟದಿಂದ ಬಿಡಿಸಿಕೊಂಡು, ಅಲುಗಿಸಿದರೆ ಒಳಗೆ ಸದ್ದಾಗುವ ಹದಕ್ಕೆ ಬರಲು ಅಷ್ಟು ಕಾಲ ಬೇಕು. ಸಾವಿರಾರು ಕಾಯಿಗಳಿಂದ ಹೊರಬರುವ ತೇವಾಂಶ ಅಟ್ಟದ ಕಿಂಡಿಗಳ ಮೂಲಕ ಹೋಗಬೇಕು. ಹೋಗದಿದ್ದರೆ ಬೂಷ್ಟು ಹಿಡಿಯುತ್ತದೆ, ಕೊಬ್ಬರಿಯ ದರ್ಜೆ ಇಳಿಯುತ್ತದೆ. ಕೊಬ್ಬರಿಯ ಅಟ್ಟವಿರುವ ಮನೆಯಲ್ಲಿ ಕಿಂಡಿ ಮುಚ್ಚುವ ಪ್ರಶ್ನೆಯೇ ಏಳುವುದಿಲ್ಲ.

ಮುಚ್ಚುವ ಕಾಲ

20ನೇ ಶತಮಾನದ ಉತ್ತರಾರ್ಧದಿಂದ ಈಚೆಗೆ ಗವಾಕ್ಷಿಯನ್ನು ಅನಗತ್ಯವೆನಿಸುವಂತೆ ಮಾಡಿದ ಸಂಗತಿಗಳು ಒಂದರ ಹಿಂದೊಂದು ಬಂದವು. ಆರ್‌ಸಿಸಿ ಚಾವಣಿ ಮನೆಯ ಎತ್ತರವನ್ನು ಹತ್ತು ಅಡಿಗೆ ತಂದಿತು. ಚಾವಣಿಗೆ ತೂಗುಹಾಕಿದ ವಿದ್ಯುತ್ ಫ್ಯಾನು ಮೇಲಿನ ಗಾಳಿಯನ್ನೇ ಕೆಳಕ್ಕೆ ತಳ್ಳಿ ತಂಪಿನ ಅನುಭವ ಕೊಟ್ಟಿತು. ಸೌದೆ ಒಲೆಯ ಜಾಗಕ್ಕೆ ಅಡುಗೆ ಅನಿಲ ಬಂತು, 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಬಳಿಕ ಹಳ್ಳಿಗಳ ಬಡಮನೆಗಳಿಗೂ ಬಂತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ರೊನಾಲ್ಡ್ ರಾಸ್ 1897ರಲ್ಲಿ ತೋರಿಸಿದ ಮೇಲೆ ಗೋಡೆಯ ತೆರವು ಸೊಳ್ಳೆಯ ಬಾಗಿಲೂ ಹೌದೆಂಬ ಅರಿವು ನೆಲೆಗೊಂಡಿತ್ತು. ಕರ ತಪ್ಪಿಸಿಕೊಳ್ಳಲೆಂದು ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ ನಿದರ್ಶನ ಇಂಗ್ಲೆಂಡಿನಲ್ಲಿದೆ, ಅಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆಯಿತ್ತು. ಇಲ್ಲಿ ಯಾವ ತೆರಿಗೆಯೂ ಇಲ್ಲದೆ ಅನುಕೂಲದ ಹೆಸರಿನಲ್ಲಿ ಅದೇ ಕೆಲಸ ನಡೆಯಿತು.

ಹೀಗೆ ಮುಚ್ಚಿದ ಮನೆಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳು ನಿಧಾನವಾಗಿ ಬರುವುದರಿಂದ ಅವುಗಳ ಕಾರಣ ಬೇಗ ಹೊಳೆಯುವುದಿಲ್ಲ. ಸುಣ್ಣದ ಗಾರೆಯ ಹಳೆಯ ಇಟ್ಟಿಗೆ ಗೋಡೆ ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವನ್ನೂ ಪ್ಲಾಸ್ಟಿಕ್ ಗುಣದ ಬಣ್ಣವನ್ನೂ ಹಚ್ಚಿ ಗವಾಕ್ಷಿಯನ್ನೂ ಮುಚ್ಚಿದರೆ ತೇವಕ್ಕೆ ಎರಡು ದಾರಿಗಳೂ ಕಟ್ಟಿಹೋಗಿ ಗೋಡೆಯ ಮೇಲೆ ಬಿಳಿಯ ಉಪ್ಪು ಒಡೆಯುತ್ತದೆ, ಮೂಲೆಗಳಲ್ಲಿ ಬೂಷ್ಟು ಕಪ್ಪುಗಟ್ಟುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಗಳ ತುದಿ ಗೆದ್ದಲಿಗೂ ಕೊಳೆತಕ್ಕೂ ಈಡಾಗುತ್ತದೆ. ಬಚ್ಚಲುಮನೆಯ ಅಪಾಯ ಇನ್ನೂ ದೊಡ್ಡದು. ಹಂಡೆಯ ಒಲೆಯಿದ್ದಾಗ ಹೊಗೆಗಾಗಿ ಬಿಟ್ಟ ಕಿಂಡಿಯನ್ನು ಒಲೆ ಹೋಯಿತೆಂದು ಮುಚ್ಚಿ ಅದೇ ಕೋಣೆಯಲ್ಲಿ ಗ್ಯಾಸ್ ಗೀಸರ್ ಕೂರಿಸಿದರೆ, ಗಾಳಿ ಸಾಲದೆ ಅನಿಲ ಅರೆಬರೆ ಉರಿದು, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ. ಅದು ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು.

ಗವಾಕ್ಷಿಯ ಮಿತಿಯನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. ಅಡುಗೆಗೆ ಬಳಸುವ ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರವಾದುದರಿಂದ ಸೋರಿದಾಗ ನೆಲಕ್ಕೆ ಇಳಿದು ಹರಡುತ್ತದೆ. ನೆತ್ತಿಯ ಗವಾಕ್ಷಿ ಉಗಿ, ಒಗ್ಗರಣೆಯ ಘಾಟು, ಉರಿದ ಗಾಳಿಗಳನ್ನು ಹೊರಹಾಕಬಲ್ಲದೇ ಹೊರತು ಸೋರಿದ ಅನಿಲವನ್ನಲ್ಲ. ಆದುದರಿಂದ ಹಳೆಯ ಅಡುಗೆಮನೆಯಲ್ಲಿ ಮೇಲಿನ ಕಿಂಡಿಯನ್ನು ಉಳಿಸುವುದರ ಜೊತೆಗೆ ನೆಲದ ಮಟ್ಟದಲ್ಲಿ ಹೊಸದಾಗಿ ಒಂದು ತೆರವನ್ನು ಸೇರಿಸಬೇಕಾಗುತ್ತದೆ. ಸೌದೆಯ ಕಾಲಕ್ಕೆ ಸಾಕಾಗಿದ್ದ ಏರ್ಪಾಡು ಅನಿಲದ ಕಾಲಕ್ಕೆ ಹಾಗೆಯೇ ಸಾಕಾಗದು.

ತೀರ್ಮಾನದ ಕ್ರಮ

ಈ ಚರಿತ್ರೆಯ ಬೆಳಕಿನಲ್ಲಿ ಮುಚ್ಚಬಹುದಾದ ತೆರವುಗಳನ್ನು ಮೊದಲು ಹೇಳಬಹುದು. ಸಾರುವೆಯ ರಂಧ್ರಗಳನ್ನು ಸುಣ್ಣದ ಗಾರೆಯಿಂದ ನಿಶ್ಚಿಂತೆಯಾಗಿ ತುಂಬಬಹುದು. ಒಲೆ ತೆಗೆದು ಸಾಮಾನಿನ ಕೋಣೆಯಾಗಿ ಮಾರ್ಪಟ್ಟ ಜಾಗದಲ್ಲಿ, ಬೇರೆ ಕಿಟಕಿ ತೆರವುಗಳು ಸಾಕಷ್ಟಿದ್ದರೆ ಹೊಗೆಗಿಂಡಿಯನ್ನೂ ಮುಚ್ಚಬಹುದು. ಸಾಕಷ್ಟು ಎಂಬುದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೊಡುವ ಅಳತೆ ಅನುಕೂಲಕರ: ಒಣ ಬಿಸಿಹವೆಯ ಪ್ರದೇಶದಲ್ಲಿ ತೆರವುಗಳ ಒಟ್ಟು ವಿಸ್ತೀರ್ಣ ಕೋಣೆಯ ನೆಲದ ಹತ್ತನೇ ಒಂದು ಭಾಗ, ತೇವದ ಬಿಸಿಹವೆಯಲ್ಲಿ ಆರನೇ ಒಂದು ಭಾಗ. ಉಳಿದಂತೆ ಮಲಗುವ ಕೋಣೆ, ಅಡುಗೆಮನೆ, ಬಚ್ಚಲುಮನೆ, ಕೊಬ್ಬರಿಯ ಅಟ್ಟ, ಮದ್ರಾಸ್ ತಾರಸಿಯ ಕೆಳಗಿನ ಹಜಾರ ಇವುಗಳ ಗವಾಕ್ಷಿಗಳು ಉಳಿಯಬೇಕಾದವು. ಬೇಲೂರು ಹಳೇಬೀಡುಗಳಲ್ಲಿ ಇನ್ನೊಂದು ವಿಷಯವಿದೆ: 2010ರಲ್ಲಿ ತಿದ್ದುಪಡಿಯಾದ ಪುರಾತನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ, ಅಲ್ಲಿ ದುರಸ್ತಿಗೂ ಅನುಮತಿ ಬೇಕು. 2023ರಲ್ಲಿ ಈ ಎರಡು ಊರುಗಳ ದೇವಾಲಯಗಳು ಸೋಮನಾಥಪುರದೊಡನೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಗುಡಿಯ ಆಸುಪಾಸಿನ ಮನೆಯವರು ಈ ನಿಯಮವನ್ನು ಹಗುರವಾಗಿ ಕಾಣುವಂತಿಲ್ಲ.

ಉಳಿಸಬೇಕಾದ ಗವಾಕ್ಷಿ ಸೊಳ್ಳೆ ಇಲಿಗಳಿಗೆ ದಾರಿಯಾಗಿದ್ದರೆ ಅದಕ್ಕೆ ಬೇಲೂರಿನ ರೂವಾರಿಗಳು ತೋರಿಸಿದ ಪರಿಹಾರವೇ ಇಂದಿಗೂ ಸಲ್ಲುತ್ತದೆ. ಹೊರಬದಿಗೆ ಇಲಿ ಕಡಿಯಲಾರದ ಗಟ್ಟಿ ಲೋಹದ ಬಲೆ, ಒಳಬದಿಗೆ ತೆಗೆದು ತೊಳೆಯಬಹುದಾದ ಸೊಳ್ಳೆಪರದೆ, ಎರಚಲು ಬಡಿಯುವ ದಿಕ್ಕಿನಲ್ಲಿ ಸಣ್ಣ ಸಜ್ಜೆ ಮತ್ತು ಹೊರಕ್ಕೆ ಇಳಿಜಾರಾದ ತಳ, ಇಷ್ಟಿದ್ದರೆ ಗವಾಕ್ಷಿಯ ಮೇಲಿನ ದೂರುಗಳಲ್ಲಿ ಹೆಚ್ಚಿನವು ತೀರುತ್ತವೆ. ಬಲೆಗೆ ಕಟ್ಟಿಕೊಂಡ ಧೂಳನ್ನು ವರ್ಷಕ್ಕೆರಡು ಬಾರಿ ಝಾಡಿಸದಿದ್ದರೆ ಆ ಬಲೆಯೂ ಮುಚ್ಚಿದ ಗೋಡೆಗೆ ಸಮವಾಗುತ್ತದೆ. ಆದರೂ ಸಂದೇಹ ಉಳಿದರೆ ಪರೀಕ್ಷೆ ಸುಲಭವಾಗಿದೆ. ಸಂಜೆ ಅಡುಗೆಯ ಹೊತ್ತಿನಲ್ಲಿ ಫ್ಯಾನು ನಿಲ್ಲಿಸಿ, ಸೌದೆ ಅಥವಾ ಅನಿಲದ ಒಲೆಯಿಂದ ದೂರವಾಗಿ, ಗವಾಕ್ಷಿಯ ಕೆಳಗೆ ಒಂದು ಊದುಬತ್ತಿಯನ್ನು ಹಿಡಿದರೆ ಹೊಗೆಯ ಎಳೆ ಗಾಳಿಯ ದಾರಿಯನ್ನು ತೋರಿಸುತ್ತದೆ. ಆ ಎಳೆ ತೆರವಿನ ಕಡೆಗೆ ಬಾಗಿ ಹೊರಕ್ಕೆ ಸರಿದರೆ ಗವಾಕ್ಷಿ ಇನ್ನೂ ಕೆಲಸದಲ್ಲಿದೆ, ಅದನ್ನು ಮುಚ್ಚಬಾರದು.